ಹದಿನಾಲ್ಕನೆಯ ಪ್ರಶ್ನೆ

ಸೆಮೊಂಕೊಂಗ್‌ನಿಂದ ಕುದುರೆಯ ಮೇಲೆ ನಾಲ್ಕು ತಾಸು.
ಚೀಲದಲ್ಲಿ ತೂಕದ ಯಂತ್ರ, ಲಸಿಕೆಯ ಡಬ್ಬಿ,
ಮಂಜು ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಇಪ್ಪತ್ತು ಪ್ರಶ್ನೆ.
ಎಲ್ಲೋ ಸಮುದ್ರದಾಚೆ ಹುಟ್ಟಿ
ಮಸೇರುವಿನ ಕಚೇರಿಯಲ್ಲಿ ನಮ್ಮ ಸೆಸೊಥೊ ಕಲಿತು ಬಂದವು;
ಬೂಟು ಬಿಚ್ಚದೆ ಒಳಗೆ ಬರುವ ನೆಂಟರ ಹಾಗೆ.

ಮಾತುಮೆಲೊ ಚಾಪೆ ಹಾಸಿದಳು.
ಮಗ ತುಮೆಲೊ, ಎರಡೂವರೆ ವರ್ಷ,
ಗೋಡೆಗೆ ಮುಖ ಮಾಡಿ ಮಣ್ಣಿನ ಎತ್ತುಗಳನ್ನು
ಸಾಲು ಹಚ್ಚುತ್ತಿದ್ದ. ಕೆಡಿಸುತ್ತಿದ್ದ. ಮತ್ತೆ ಹಚ್ಚುತ್ತಿದ್ದ.

ಆಟದ ಸಾಮಾನು ಸಾಲಾಗಿಡುತ್ತಾನೆಯೆ?
"ದನ ಕಾಯುವವರ ಮಗ, ನರ್ಸಮ್ಮ.
ಚೆಲ್ಲಾಪಿಲ್ಲಿ ಬಿಡಬೇಕಿತ್ತೆ?"

ಬೆರಳು ಮಾಡಿ ಏನನ್ನಾದರೂ ತೋರಿಸುತ್ತಾನೆಯೆ?
"ಇಲ್ಲಿ ಬೆಟ್ಟ ಬಿಟ್ಟರೆ ಏನಿದೆ?
ಅದು ತೋರಿಸದಿದ್ದರೂ ಕಾಣುತ್ತದೆ."

ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾನೆಯೆ?
ಮೂಲೆಯಲ್ಲಿ ನಶ್ಯ ಏರಿಸುತ್ತಿದ್ದ ಅತ್ತೆಯ ಕೈ
ಮೂಗಿನ ಬಳಿಯೇ ನಿಂತಿತು:
"ಹಿರಿಯರನ್ನು ದಿಟ್ಟಿಸಿದರೆ ನಮ್ಮ ಕಾಲದಲ್ಲಿ ಕಿವಿ ಹಿಂಡುತ್ತಿದ್ದರು.
ಈಗ ಅದಕ್ಕೇ ಅಂಕ ಕೊಡುತ್ತೀರೋ?"
ಉಳಿದ ಚಿಟಿಕೆ ಎಳೆದು, ಕಂಬಳಿಯಲ್ಲಿ ಮೂಗು ಹುದುಗಿಸಿ
ಹೊರಗೆ ನಡೆದಳು, ಆ ಚಳಿಯಲ್ಲಿ.
ಮುನಿಸು ಅಂದುಕೊಂಡೆ.

ಪ್ರತಿ ಉತ್ತರಕ್ಕೂ ಮೊದಲು ಮಾತುಮೆಲೊ
ನನ್ನ ಮುಖ ನೋಡುತ್ತಿದ್ದಳು,
ಹೌದು ಇಷ್ಟವೋ ಇಲ್ಲ ಇಷ್ಟವೋ ಎಂದು.
ಹದಿನಾಲ್ಕನೆಯದಕ್ಕೆ ನೋಡಲಿಲ್ಲ.

ದಿನನಿತ್ಯದ ಸದ್ದುಗಳಿಗೆ ಕಂಗೆಡುತ್ತಾನೆಯೆ?
"ಇಲ್ಲ."

ಗುರುತು ಹಾಕಿ ಪೆನ್ನಿನ ತಲೆ ಒತ್ತಿದೆ, ಟಿಕ್.
ಮತ್ತೊಮ್ಮೆ, ಟಿಕ್. ನನ್ನದೊಂದು ಚಾಳಿ.
ಎತ್ತುಗಳು ಉರುಳಿದವು. ಹುಡುಗನ ಎರಡೂ ಅಂಗೈ ಕಿವಿಯ ಮೇಲೆ,
ಮೊಣಕಾಲ ನಡುವೆ ತಲೆ.
ಜೋಳ ಈ ಸಲ ಕೈ ಕೊಟ್ಟ ಕತೆ ಹೇಳುತ್ತಲೇ
ಅವನ ತಾಯಿ ಕೈ ಚಾಚಿ ನನ್ನ ಪೆನ್ನು ತೆಗೆದುಕೊಂಡಳು,
ಮಗುವಿನ ಕೈಯಿಂದ ಚಾಕು ಬಿಡಿಸಿಕೊಳ್ಳುವಂತೆ,
ಬದಲಿಗೆ ಒಂದು ಮೋಟು ಪೆನ್ಸಿಲ್ ಇಟ್ಟಳು.

ಆಗ ಕೇಳಿಸಿತು ನನಗೆ, ಕೇಳಿಸದೆ ಇದ್ದದ್ದೆಲ್ಲ.
ಕೆಟಲಿನ ಮುಚ್ಚಳಕ್ಕೆ ಚಿಂದಿಯ ಅಂಚು.
ಬಾಗಿಲ ತಿರುಗಣಿಗೆ ಕುರಿಯ ಕೊಬ್ಬು.
ಅಗಳಿಗೆ ಕಟ್ಟಿದ ಆಡಿನ ಕೊರಳಲ್ಲಿ ಗಂಟೆ,
ಗಂಟೆಯ ನಾಲಗೆಗೆ ಉಣ್ಣೆ.
"ಹೋದ ಸಲ ಒಂದು ಹುಂಜ ಇತ್ತಲ್ಲ?"
"ಮಾರಿದೆ."
"ಮತ್ತೆ ಇಲ್ಲ ಅಂದೆಯಲ್ಲ?"
"ಕಂಗೆಡುತ್ತಾನೆಯೆ ಅಂತ ತಾನೆ ಕೇಳಿದ್ದು?
ಕಂಗೆಡಲು ನಾನು ಬಿಟ್ಟರೆ ತಾನೆ."

ಅಳಿಸುವ ರಬ್ಬರು ತಂದಿರಲಿಲ್ಲ.
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದೆ:
ಹೌದು. ತಾಯಿ ಅಡ್ಡ ನಿಂತಿದ್ದಾಳೆ.
ಗೆರೆಯ ಈಚೆ ಇದ್ದ ಲೆಕ್ಕ ಗೆರೆ ದಾಟಿತು.

ಕಲಿತದ್ದನ್ನು ಹೇಳಿದೆ: ಇದು ಒಂದರಿ ಅಷ್ಟೆ, ತಕ್ಕಡಿಯಲ್ಲ.
ಆಟಿಸಂ ಹೌದೋ ಅಲ್ಲವೋ, ಮಸೇರುವಿನ ಡಾಕ್ಟರು
ಕೂತು ನೋಡಿ ಹೇಳಬೇಕು.
ಗೆರೆಯೆಂದರೇನು, ಆಟಿಸಂ ಎಂದರೇನು, ಏನನ್ನೂ ಕೇಳಲಿಲ್ಲ.
ಉರುಳಿದ ಎತ್ತುಗಳನ್ನು ಒಂದೊಂದಾಗಿ ಎತ್ತಿಟ್ಟಳು,
ಮುಖ ಎಲ್ಲ ಒಂದೇ ಕಡೆಗೆ, ಅವನು ಇಡುವ ಹಾಗೆಯೇ.
ಆಮೇಲೆ:
"ಮಸೇರುವಿನ ಬಸ್ಸಿನಲ್ಲಿ ಹಾಡು ಹಾಕುತ್ತಾರಲ್ಲ?"
ಹಾಕುತ್ತಾರೆ, ಎಂದೆ.
"ಜೋರಾಗಿ?"
ಪೆನ್ಸಿಲ್ ವಾಪಸು ಕೊಟ್ಟೆ.

ಹೊರಗೆ ನನ್ನ ಕುದುರೆಯ ಕಡಿವಾಣದ ಬಳೆಗಳಿಗೆ
ಯಾರೋ ಉಣ್ಣೆ ಸುತ್ತಿ, ಗಂಟು ಬಿಗಿದಿದ್ದರು.
ಅತ್ತೆ ಕಾಣಲಿಲ್ಲ.
ಇಳಿಜಾರು ಕಳೆದು, ಹಳ್ಳ ದಾಟಿ, ಗುಡಿಸಲು ಮರೆಯಾದ ಮೇಲೆ
ದೂರದ ದನದ ದೊಡ್ಡಿಯ ಕಡೆಯಿಂದ
ಒಂದು ಸೀನು. ಹಿಂದೆಯೇ ಇನ್ನೊಂದು.
ಬೆಟ್ಟ ಎರಡನ್ನೂ ತಿರುಗಿ ಹೇಳಿತು.