ಬಾರ್ಬಾನನ್ನು ಎತ್ತಿಕೊಳ್ಳುವ ಬಗೆ

ಮೇಲಿಂದ ಕೈ ಹಾಕಬೇಡ, ಸ್ಟಾಥಿ.
ಮೇಲಿಂದ ಬರುವುದೆಲ್ಲ ಅವನಿಗೆ ಗಿಡುಗವೇ,
ನಿನ್ನ ಕೈಯಾದರೂ, ನನ್ನದಾದರೂ,
ದೇವರದ್ದೇ ಆದರೂ.

ಗೋಡೆಗೊರಗಿ ನಿಂತು ಹೇಳುತ್ತಾಳೆ ಮಿಲ್ಕಾ ಮುದುಕಿ.
ಪಕ್ಕದ ಮನೆಯ ಹುಡುಗ
ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳುತ್ತಾನೆ.
ಕೂಬರ್ ಪೀಡಿಯಲ್ಲಿ ಗೋಡೆಯೆಂದರೆ ಗುಡ್ಡವೇ:
ಗಂಡ ಓಪಲ್ ಹುಡುಕುತ್ತ ಕೊರೆದ ಬಿಲ
ಓಪಲ್ ಸಿಗದೆ ಅಡುಗೆಮನೆಯಾಯಿತು.
ಇವತ್ತು ರಾತ್ರಿಯ ಬಸ್ಸಿಗೆ ಅವಳು ಅಡಿಲೇಡಿಗೆ,
ಕಣ್ಣಿನ ಪೊರೆ ತೆಗೆಸಲು. ಒಂದು ವಾರ.

"ಎದುರಿನಿಂದ ಬಾ, ಬಾಗಿ ಬಾ.
ಮೊದಲು ನಿನ್ನ ದನಿ ಹೋಗಲಿ, ಆಮೇಲೆ ಕೈ.
ಅಂಗೈಯನ್ನು ಹೊಟ್ಟೆಯಡಿ ಮೆಲ್ಲಗೆ ತೂರಿಸು,
ಒಲೆಯೊಳಗಿನ ಬ್ರೆಡ್ಡಿನಡಿ ಹಲಗೆ ತೂರಿಸುವಂತೆ.
ನಾಲ್ಕು ಕಾಲೂ ಯಾವುದಕ್ಕಾದರೂ ತಾಗಿರಲಿ.
ಕಾಲು ಗಾಳಿಯಲ್ಲಿದ್ದರೆ
ಯಾರಿಗೆ ತಾನೆ ಧೈರ್ಯ?
ಬಾಲ ಹಿಡಿದೆಯೋ, ನಿನ್ನಮ್ಮನಿಗೆ ಹೇಳುತ್ತೇನೆ.
ಗೋಡೆಹಲ್ಲಿಯದ್ದರ ಹಾಗೆ ಮತ್ತೆ ಬೆಳೆಯುವ ಬಾಲವಲ್ಲ ಅದು,
ಹೋದರೆ ಹೋಯಿತು."

ಅವಳ ದ್ವೀಪದ ಮಾತಿನಲ್ಲಿ ಬಾರ್ಬಾ ಎಂದರೆ
ದೋಣಿಕಟ್ಟೆಯಲ್ಲಿ ಕೂತ ಹಿರಿಯ ಮಾವ.
ಇವನೋ ಗಡ್ಡದ ಓತಿಕ್ಯಾತ,
ಗಾಜಿನ ಪೆಟ್ಟಿಗೆಯಲ್ಲಿ ದೀಪದ ಬಿಸಿಲಿಗೆ ಬೆನ್ನೊಡ್ಡಿ
ಒಂದು ಕಣ್ಣಲ್ಲಿ ಮುದುಕಿಯನ್ನು,
ಇನ್ನೊಂದರಲ್ಲಿ ಹುಡುಗನನ್ನು ನೋಡುತ್ತಾನೆ.
ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎನ್ನುತ್ತಾರೆ.
ಬೇಲಿ ಕಟ್ಟಲು ಈ ಊರಲ್ಲಿ ಮರವೆಲ್ಲಿ?
ಅವನ ಪರವಾಗಿ ನುಡಿಯಲು ಮಿಲ್ಕಾ ಒಬ್ಬಳೇ.

"ಜೀರುಂಡೆ ಅವನ ಎರಡು ಕಣ್ಣಿನ ನಡುವಿನ ಜಾಗಕ್ಕಿಂತ
ದೊಡ್ಡದಿರಬಾರದು. ಸ್ಕೇಲು ತರಬೇಡ,
ನೋಡಿದರೆ ಗೊತ್ತಾಗುತ್ತದೆ.
ಚೀಲದಲ್ಲಿ ಕ್ಯಾಲ್ಸಿಯಂ ಪುಡಿ ಹಾಕಿ ಅಲುಗಿಸು,
ಹಿಟ್ಟಲ್ಲಿ ಮೀನು ಹೊರಳಿಸಿದಂತೆ.
ತಿನ್ನದೆ ಬಿಟ್ಟದ್ದನ್ನು ದೀಪ ಆರಿಸುವ ಮುಂಚೆ ತೆಗೆ,
ಹಗಲಿನ ಊಟ ರಾತ್ರಿ ಅವನನ್ನೇ ಕಚ್ಚುತ್ತದೆ.
ಸೊಪ್ಪು ದಿನಾ. ಬೆಣ್ಣೆಹಣ್ಣು ಬೇಡವೇ ಬೇಡ, ವಿಷ.
ಉಂಡ ಮೇಲೆ ಎತ್ತಬೇಡ, ಬಿಸಿಲು ಕಾಯಲಿ.
ಮೈ ಬೆಚ್ಚಗಿಲ್ಲದೆ ಉಂಡದ್ದು ಅವನಿಗೆ ಕರಗದು.

ಪೊರೆ ಬಿಡುತ್ತಿದ್ದಾನೆ, ನೋಡು, ಭುಜದ ಹತ್ತಿರ.
ಎಳೆಯಬೇಡ. ತಾನಾಗಿ ಕಳಚಬೇಕು.
ನನ್ನ ಪೊರೆಗೆ ಮಾತ್ರ ಡಾಕ್ಟರು ಬೇಕು, ಬಸ್ಸು ಬೇಕು.

ಮುಟ್ಟುವ ಮುಂಚೆ ಕೈ ತೊಳಿ, ಮುಟ್ಟಿದ ಮೇಲೆ
ಸೋಪು ಹಾಕಿ ತೊಳಿ. ಮುತ್ತು ಕೊಡುವುದು ನನ್ನ ಹಕ್ಕು."
ತಡೆದಳು.
"ಅದೂ ತಪ್ಪೇ. ಬರೆದುಕೋಬೇಡ."

ಮೊದಲ ದಿನ ಹುಡುಗ ಬರೆದದ್ದನ್ನೆಲ್ಲ ಮರೆತ.
ಮೇಲಿಂದ ಇಳಿಯಿತು ಕೈ.
ಬಾರ್ಬಾನ ಗಡ್ಡ ಉಬ್ಬಿ ಇದ್ದಿಲಾಯಿತು,
ತೆರೆದ ಬಾಯೊಳಗೆ ಹಳದಿ.
ಹುಡುಗ ಹಿಂದಕ್ಕೆ ಜಿಗಿದ, ಡಬ್ಬಿ ಉರುಳಿತು.

ಎರಡನೆಯ ದಿನ ಗಾಜಿನೆದುರು ಕೂತು
ಮಗ್ಗಿ ಒಪ್ಪಿಸಿದ, ಏಳರದ್ದು,
ಬೇರೇನು ಮಾತಾಡಲಿ ಎಂದು ತೋಚದೆ.
ಏಳೆಂಟ್ಲೆ ಐವತ್ತಾರರ ಹೊತ್ತಿಗೆ ಗಡ್ಡ ಇಳಿಯಿತು.

ಐದನೆಯ ದಿನ ಅಂಗೈ ಮೇಲೆ ಭಾರ ಬಂತು.
ಬಿಸಿಲಲ್ಲಿ ಮರೆತಿಟ್ಟ ಚರ್ಮದ ಚೀಲದಷ್ಟು,
ಒಳಗೊಂದು ಸಣ್ಣ ಮಿಡಿತವಿರುವ ಚೀಲ.
ಉಗುರು ತೋಳಿಗೆ ನಾಟಿತು. ಹುಡುಗ ಅಲ್ಲಾಡಲಿಲ್ಲ.
ಮೂಗು ತುರಿಸಿತು.
ಆಗಲೂ ಅಲ್ಲಾಡಲಿಲ್ಲ.

ಬಸ್ಸು ಬಂದದ್ದು ನಸುಕಿನಲ್ಲಿ.
ಒಂದು ಕಣ್ಣಿಗೆ ಪ್ಲಾಸ್ಟಿಕ್ ಕವಚ, ಇನ್ನೊಂದರಲ್ಲಿ ಹಳೆಯ ಮಂಜು,
ಮಿಲ್ಕಾ ಕೆಂಪು ಧೂಳಿನಲ್ಲಿ ನಿಂತೇ ಇದ್ದಳು.
ಹುಡುಗ ಎದುರಿನಿಂದ ಬಂದ.
"ನಾನು, ಸ್ಟಾಥಿ" ಎಂದ ಮೊದಲು,
ಆಮೇಲೆ ಅವಳ ಮೊಣಕೈಯಡಿ ಅಂಗೈ ತೂರಿಸಿದ.
ಮೆಟ್ಟಿಲ ಹತ್ತಿರ ಕೇಳಿದ: "ಕಾಲು ತಾಗಿತೇ?"
"ತಾಗಿತು."

ಒಳಗೆ ಗುಡ್ಡದ ತಂಪು.
"ಭುಜದ ಪೊರೆ ಬೆಂಕಿಪೊಟ್ಟಣದಲ್ಲಿಟ್ಟಿದ್ದೇನೆ.
ತಾನಾಗಿ ಬಿದ್ದದ್ದು, ಆಣೆ."
ಫ್ರಿಜ್ಜಿನ ಹಿಂದೆಲ್ಲೋ ಕಿರ್ ಎಂದಿತು.
"ಎಷ್ಟು ತಪ್ಪಿಸಿಕೊಂಡವು?"
"ಒಂದು."
ಮುದುಕಿ ಕಿವಿಗೊಟ್ಟಳು.
ಗೋಡೆಯ ಬಿರುಕಿನಿಂದ ಮತ್ತೊಂದು ಉತ್ತರ ಕೊಟ್ಟಿತು.
"ಮೂರು" ಎಂದ ಹುಡುಗ.