ಅಕ್ಷರಕ್ಕೆ ಎಷ್ಟು

ಮೇಲ್ ಬಂದದ್ದು ಮಂಗಳವಾರ ರಾತ್ರಿ, ಹನ್ನೊಂದೂ ಹತ್ತಕ್ಕೆ.
"ಸರ್, ನಾನೊಬ್ಬ ವಿದ್ಯಾರ್ಥಿ. ಕಾಲೇಜು ಪ್ರಾಜೆಕ್ಟಿಗೆ
ನಿಮ್ಮ ಕಡುಬು ಡಾಟ್ ಇನ್ ಬೇಕಿತ್ತು.
ಐದು ಸಾವಿರ ಕೊಡಬಲ್ಲೆ."

ಕೊಟ್ಟುಬಿಡಿ, ಪಾಪ, ಓದೋ ಹುಡುಗ, ಅಂದಳು ಸೆಲಿನ್.
ಮನೆ ಏಳದ ಸೈಟಿಗೆ ಕಂದಾಯ ಕಟ್ಟಿದ ಹಾಗೆ
ವರ್ಷಕ್ಕೆ ಏಳುನೂರರಂತೆ ಒಂಬತ್ತು ವರ್ಷ
ಹೊಲಿಗೆಯ ದುಡ್ಡಲ್ಲಿ ಕಟ್ಟಿದವಳು ಅವಳೇ.

ನಾನು ಬೋರ್ಡು ಬರೆಯುವವನು.
ಇನಾಸ್ ಆರ್ಟ್ಸ್, ದುರ್ಗಿಗುಡಿ. ಮೂಲೆಯಲ್ಲಿ ಸಣ್ಣಗೆ ಸಹಿ.
ಫ್ಲೆಕ್ಸ್ ಬಂದು ಬ್ರಶ್ಶು ಒಣಗಿ ಪೊರಕೆಯಾದ ವರ್ಷ
ಯಾರೋ ಹೇಳಿದರೆಂದು ಈ ಹೆಸರು ಹಿಡಿದೆ.
ಕನ್ನಡದಲ್ಲಿ ಮೂರಕ್ಷರ, ಇಂಗ್ಲಿಷಿನಲ್ಲಿ ಆರು.
ಅಕ್ಷರಕ್ಕಿಷ್ಟು ಅಂತಲೇ ರೇಟು ಹೇಳಿ ಬದುಕಿದವನಿಗೆ
ಬರೆಯದ ಅಕ್ಷರಕ್ಕೆ ಎಷ್ಟು ಹೇಳಬೇಕೋ ತಿಳಿಯದು.

ಗೊತ್ತಿರುವುದು ಇಷ್ಟೇ:
ಬೋರ್ಡು ಬರೆಸಲು ಬಂದವನ ಮುಖ ನೋಡುವುದಲ್ಲ,
ಅವನ ಶಟರ್ ನೋಡಿ ಬರಬೇಕು.
ಎಷ್ಟು ಅಗಲ, ಎದುರು ಬಸ್ ನಿಲ್ಲುತ್ತದೋ,
ಪಕ್ಕದವನ ಬೋರ್ಡು ಎಷ್ಟೆತ್ತರ.
ಆಮೇಲೆ ರೇಟು.

ಮೇಲಿನ ಕೊನೆಗೆ ಫೋನ್ ನಂಬರಿತ್ತು.
ಹಣ ಕಳಿಸುವ ಆ್ಯಪಿನಲ್ಲಿ ಒಂದು ರೂಪಾಯಿ ಒತ್ತಿದೆ,
ಕಳಿಸುವ ಮುಂಚೆಯೇ ಹೆಸರು ಎದ್ದು ಬಂತು:
ಹಬೆಮನೆ ಫುಡ್ಸ್ ಪ್ರೈವೇಟ್ ಲಿಮಿಟೆಡ್.
ಮಗುವಿಗೆ ಎಂಥಾ ಮುದ್ದಾದ ಹೆಸರಿಟ್ಟಿದ್ದಾರೆ ಹೆತ್ತವರು!
ರೂಪಾಯಿ ವಾಪಸ್ ಜೇಬಿಗೆ.

ಕನ್ನಡಕ ಒರೆಸಿ ಒರೆಸಿ ಟ್ರೇಡ್‌ಮಾರ್ಕ್ ಪಟ್ಟಿ ಹುಡುಕಿದೆ.
ಮಾರ್ಚಿನಲ್ಲೇ ಅರ್ಜಿ ಬಿದ್ದಿದೆ, ಬಾಳೆಲೆಯ ಚಿತ್ರದ ಸಮೇತ.
ಮೂವರು ಡೈರೆಕ್ಟರು. ಒಬ್ಬನ ಫೋಟೋದ ಹಿಂದೆ
ಗೋಪಿ ಸರ್ಕಲ್ಲು.

ಇನ್ನೊಂದನ್ನು ನಾನು ಹುಡುಕಲಿಲ್ಲ, ತಾನಾಗಿ ಬಂತು.
ಮುನೀರ, ಒಂದು ಕಾಲಕ್ಕೆ ನನ್ನ ಬ್ರಶ್ ತೊಳೆದವನು,
ಈಗ ಬಿ.ಎಚ್. ರೋಡಿನಲ್ಲಿ ಅವನದೇ ಫ್ಲೆಕ್ಸ್ ಮೆಷಿನ್ನು,
ಟೀಗೆ ಕರೆದು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದ:
"ಉಸ್ತಾದ್, ಈ ಡು ಸರಿಯಾಗಿದೆಯಾ ನೋಡಿ."
ಕಡುಬು. ಹದಿನಾರು ಬೋರ್ಡು.
ಶಿವಮೊಗ್ಗಕ್ಕೆ ಐದು, ಭದ್ರಾವತಿ, ಸಾಗರ, ಶಿಕಾರಿಪುರ.
ಪ್ರತಿಯೊಂದರ ಕೆಳಗೂ ನನ್ನ ಆರಕ್ಷರ, ಡಾಟ್ ಸಮೇತ.
ಉದ್ಘಾಟನೆ ಇದೇ ಇಪ್ಪತ್ತೆಂಟಕ್ಕೆ.
ಕೊಂಬು ಗಿಡ್ಡವಾಯ್ತು, ಅಂದೆ. ಎಳೆದು ಉದ್ದ ಮಾಡಿದ.
ಬೇರೇನೂ ಹೇಳಲಿಲ್ಲ. ಟೀ ಆರಿತ್ತು.

ರಾತ್ರಿ ಸೆಲಿನ್: ಎಷ್ಟು ಕೇಳ್ತೀರಿ?
ಕ್ಯಾಲೆಂಡರಿನಲ್ಲಿ ಇಪ್ಪತ್ತೆಂಟು ಉಳಿದ ತಾರೀಕಿಗಿಂತ ದಪ್ಪ ಕಾಣುತ್ತಿತ್ತು.
ಅದನ್ನು ಬಾಯಿಗೆ ತಂದರೆ ಮುನೀರನ ಅನ್ನಕ್ಕೆ ಕಲ್ಲು.

ಬರೆದೆ: "ನಿಮ್ಮ ಪ್ರಾಜೆಕ್ಟಿಗೆ ಶುಭವಾಗಲಿ.
ಮಾರುವ ಅವಸರ ನನಗೇನಿಲ್ಲ.
ಮುಂದಿನ ತಿಂಗಳು ಮಾತಾಡೋಣವೇ?"

ಹನ್ನೊಂದೂ ಹತ್ತಕ್ಕೆ ಕಳಿಸಿದೆ.
ಹನ್ನೊಂದೂ ಹನ್ನೆರಡಕ್ಕೆ ಫೋನು ಬಡಿದುಕೊಳ್ಳತೊಡಗಿತು.
ಸೆಲಿನ್ ನನ್ನ ಮುಖ ನೋಡಿದಳು.
ಇರು, ಅಂದೆ,
ಮೊದಲ ಕೋಟು ಒಣಗಲಿ.