ಕಿಡಿ ಬೇಡದ ಬೆಂಕಿ

ಮುರ್ಗಾಬಿನಲ್ಲಿ ಅಕ್ಟೋಬರ್ ಎಂದರೆ
ಸ್ಪ್ಯಾನರು ಬರಿಗೈಗೆ ಕಚ್ಚಿಕೊಳ್ಳುವ ತಿಂಗಳು.
ಬ್ರೆಡ್ಡಿನ ಆಕಾರದ ನಮ್ಮ ಬೂದು ವ್ಯಾನಿನಲ್ಲಿ
ಎರಡು ಸೀಟುಗಳ ನಡುವಿನ ಮುಚ್ಚಳ ತೆಗೆದು
ಸೊಂಟದ ತನಕ ಒಳಗಿಳಿದಿದ್ದ ತೊಲುಬಾಯ್,
ಹಸುವಿನ ಹೊಟ್ಟೆಯಿಂದ ಕರು ಎಳೆಯುವವನಂತೆ.

ಹಳೆಯ ಎಂಜಿನ್ ಪೆಟ್ರೋಲಿನದು.
ಇಲ್ಲಿ ಪೆಟ್ರೋಲು ಡಬ್ಬದಲ್ಲಿ ಬರುತ್ತದೆ,
ಅರ್ಧ ನೀರು, ಅರ್ಧ ಆಣೆ ಪ್ರಮಾಣ.
ಹೊಳೆ ದಾಟುವಾಗ ಪ್ಲಗ್ಗು ನೆನೆಯಿತೋ ಮುಗಿಯಿತು,
ನಡುನೀರಲ್ಲೇ ಕೆಮ್ಮಿ ಕೂರುತ್ತದೆ.
ಹೋದ ವರ್ಷ ಹಾಗೇ ಕೂತಿತು.
ಆಚೆ ದಡದಲ್ಲಿ ಎರ್ಗೇಶನ ಹಿಟ್ಟಿನ ಗಾಡಿ ಮಗುಚಿತ್ತು;
ಗಾಜಿನೊಳಗೆ ಒಂದು ಟಾರ್ಚು
ಹತ್ತುತ್ತಿತ್ತು, ಆರುತ್ತಿತ್ತು.
ನಾವು ಪ್ಲಗ್ಗು ಒಣಗಿಸಿ ಹೊರಡುವಷ್ಟರಲ್ಲಿ
ಆರಿದ್ದು ಆರಿಯೇ ಇತ್ತು.

ಈ ಡೀಸೆಲ್ ಎಂಜಿನ್ ಆ ಗಾಡಿಯದೇ.
ಎರ್ಗೇಶನ ಹೆಂಡತಿ ಉಲ್ಕಾನ್
ಪುಕ್ಕಟೆ ಕೊಡಲಿಲ್ಲ, ಅದೆಲ್ಲ ಕಥೆಗಳಲ್ಲಿ.
ಎರಡು ಚಮರಿ ಕೇಳಿದಳು.
ಒಂದೂವರೆಗೆ ಇಳಿದಳು.
ಆ ಅರ್ಧ ಚಮರಿಯ ಲೆಕ್ಕ ಇನ್ನೂ ಬಾಕಿ.

ಸುಲಭಕ್ಕೆ ಕೂರಲಿಲ್ಲ ಅದು.
ಇದರ ಬೋಲ್ಟು ಒಂದು ಕಡೆ, ಗೇರುಪೆಟ್ಟಿಗೆಯ ತೂತು ಇನ್ನೊಂದು ಕಡೆ.
ನಡುವೆ ಒಂದು ಉಕ್ಕಿನ ತಟ್ಟೆ ಬೇಕಾಯಿತು,
ತವರಿನ ಮಾತು, ಗಂಡನ ಮನೆಯ ಮಾತು ಎರಡೂ ಬಲ್ಲಂಥದ್ದು.
ಪಾಳುಬಿದ್ದ ಸೈನ್ಯದ ಗೇಟಿನಿಂದ ಕತ್ತರಿಸಿ
ಮೂರು ವಾರ ಅರ ಹಾಕಿದ.
ಎಣ್ಣೆತೊಟ್ಟಿ ಮುಂದಿನ ಅಚ್ಚಿಗೆ ತಾಗಿತು:
ಕೊಯ್ದು, ಗಿಡ್ಡ ಮಾಡಿ, ಬೆಸೆದ.
ಭಾರಕ್ಕೆ ಗಾಡಿಯ ಮೂತಿ ತಗ್ಗಿತು:
ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಿ
ತಲೆಯೆತ್ತಿಸಿದ.

ನಾನು ದೀಪ ಹಿಡಿದವಳು. ದಾದಿ.
ನನಗೆ ಗೊತ್ತಿರುವ ರಿಪೇರಿಯೇ ಬೇರೆ.
"ಇದಕ್ಕೆ ಕಿಡಿ ಬೇಡ, ಝಿಪರ್," ಅಂದ,
"ಗಾಳಿಯನ್ನು ಒತ್ತಬೇಕು, ಒತ್ತಬೇಕು,
ಹೋಗಲು ಜಾಗವಿಲ್ಲದೆ ಅದು ತಾನೇ ಕಾಯುತ್ತದೆ.
ಆಮೇಲೆ ಒಂದು ಹನಿ ಎಣ್ಣೆ ಸಾಕು."
"ಗೊತ್ತು," ಅಂದೆ, "ಅತ್ತೆಮನೆಯಲ್ಲಿ
ನಾನು ಹತ್ತು ವರ್ಷ ಹೀಗೇ ಓಡಿದ್ದೇನೆ."
ಅವನು ನಗಲಿಲ್ಲ.
ಅವನು ನನ್ನ ಅತ್ತೆಯ ತಮ್ಮ.

ಫೆಬ್ರವರಿಯಲ್ಲಿ ಕರೆ ಬಂತು, ರಂಗ್‌ಕುಲ್ ಆಚೆಯ ದೊಡ್ಡಿಯಿಂದ.
ಸಾಯ್ರಾ, ಎಂಟನೆಯ ತಿಂಗಳು, ರಕ್ತ.
ಅದೇ ಹೊಳೆ, ಅದೇ ತಿರುವು.
ಐಸು ಒಡೆದು ನೀರು ಬಾಗಿಲು ಬಡಿಯಿತು;
ಕೇಳಿಸಲೇ ಇಲ್ಲವೆಂಬಂತೆ
ಹೊಗೆ ಉಗುಳುತ್ತ ದಾಟಿತು ಗಾಡಿ.
ಮಗುಚಿದ್ದ ಜಾಗ ಬಂದಾಗ
ಗೇರು ಬದಲಿಸಿದ. ಬದಲಿಸುವ ಅಗತ್ಯವಿರಲಿಲ್ಲ.

ಮರಳುವ ದಾರಿಯಲ್ಲಿ ಅವಳ ಹೊಟ್ಟೆಗೆ
ಮರದ ಕೊಳವೆ ಇಟ್ಟು ಕಿವಿಗೊಟ್ಟರೆ
ಗಡಗಡ, ಗಡಗಡ, ಬರೀ ಎರ್ಗೇಶನ ಎಂಜಿನ್.
ಕೂಸು ಇದೆಯೋ ಇಲ್ಲವೋ
ಈ ಸದ್ದಿನಲ್ಲಿ ಯಾವ ಕಿವಿ ಹೇಳೀತು?

"ನಿಲ್ಲಿಸು," ಅಂದೆ.
"ಗಾಡಿಯನ್ನೋ?"
"ಎಂಜಿನ್ನನ್ನು."

ಹೊರಗೆ ಸೊನ್ನೆಯ ಕೆಳಗೆ ಮೂವತ್ತೆಂಟು.
ಈ ಚಳಿಗೆ ಡೀಸೆಲು ಮೇಣವಾಗುತ್ತದೆ.
ಮಾಘದಲ್ಲಿ ಎಂಜಿನ್ ಆರಿಸುವವನು
ವಸಂತಕ್ಕೆ ಬರುತ್ತೇನೆಂದು ಮನೆಯಲ್ಲಿ ಹೇಳಿ ಬರಲಿ,
ಅವನದೇ ಮಾತು ಅದು, ಸಾವಿರ ಸಲ ಹೇಳಿದ್ದು.
ಕನ್ನಡಿಯಲ್ಲಿ ನನ್ನನ್ನು ನೋಡಿದ.
ಆರಿಸಿದ.

ಅಂಥ ಮೌನ ನಾನು ಕಂಡಿಲ್ಲ.
ಲೋಹ ತಣ್ಣಗಾಗುವ ಟಿಕ್ ಟಿಕ್ ಕೇಳಿತು.
ಅದರ ಕೆಳಗೆ, ಬಹಳ ಕೆಳಗೆ,
ಪುಟ್ಟ ಗೊರಸುಗಳು:
ನಿಮಿಷಕ್ಕೆ ನೂರ ನಲವತ್ತೆರಡು.
ಇನ್ನೊಮ್ಮೆ ಎಣಿಸಿದೆ. ಬೇಕಿರಲಿಲ್ಲ,
ಕೇಳಲು ಚೆನ್ನಾಗಿತ್ತು.

"ಇದೆ," ಅಂದೆ.

ಕೀಲಿ ಅರ್ಧ ತಿರುಗಿಸಿದ. ಹಳದಿ ದೀಪ.
ಒಳಗಿನ ತಂತಿ ಕೆಂಪಾಗಲು ಇಪ್ಪತ್ತು ಎಣಿಸಬೇಕು.
ಗಟ್ಟಿಯಾಗಿ ಎಣಿಸಿದ; ಸಾಯ್ರಾ ಕೂಡ
ಹಲ್ಲು ಕಚ್ಚಿ ಜೊತೆಗೆ ಎಣಿಸಿದಳು.
ಹತ್ತೊಂಬತ್ತಕ್ಕೆ ತಡೆದು,
"ಉಲ್ಕಾನಳ ಅರ್ಧ ಚಮರಿ
ನಾಳೆಯೇ ಕೊಟ್ಟುಬಿಡುತ್ತೇನೆ," ಅಂದ,
ಗಾಡಿಗೋ, ಮೇಲಿನವನಿಗೋ.

ಇಪ್ಪತ್ತು.